ನಡುಹೊಳೆಯಲ್ಲಿ ತಿರುಗಿದ ದೋಣಿ

ಹುನಗುಂದದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ರಾಚಯ್ಯ ಮಾಸ್ತರರು ಹಾಯಿದೋಣಿಗಳ ಚರಿತ್ರೆಯನ್ನು ಬರೆಯುತ್ತಿದ್ದಾರೆಂಬ ಸುದ್ದಿ ಹಬ್ಬಿದಾಗ ಮೊಟ್ಟಮೊದಲು ನಕ್ಕವರು ಅವರ ಹೆಂಡತಿ ಸಾವಿತ್ರೆವ್ವನವರೇ.

"ಈಜು ಬರೂದಿಲ್ಲ, ಹೊಳ್ಯಾಗ ಮೊಣಕಾಲಮಟ ಇಳಿದವರಲ್ಲ. ದೋಣಿ ಚರಿತ್ರಿ ಬರೀತಾರಂತ!"

"ಯುದ್ಧದ ಚರಿತ್ರಿ ಬರದವರೆಲ್ಲಾ ಕತ್ತಿ ಹಿಡದಿದ್ರೇನ?" ಎಂದು ಮಾಸ್ತರರು ಕನ್ನಡಕದ ಮೇಲಿನಿಂದ ನೋಡಿದರು.

"ಕತ್ತಿ ಹಿಡೀಲಿಲ್ಲಂದ್ರ ನಡೀತೈತಿ. ನೀರಿಗೆ ಅಂಜಬಾರದು," ಎಂದು ಆಕೆ ಚಹದ ಬಟ್ಟಲನ್ನು ಮುಂದಿಟ್ಟು ಒಳಗೆ ಹೋದರು.

ಅದು 1988ರ ಮಳೆಗಾಲ. ಅಣೆಕಟ್ಟಿನ ಹಿನ್ನೀರು ಕೃಷ್ಣೆಯನ್ನು ಸಮುದ್ರದಂತೆ ಅಗಲಿಸಿ ಆಗಲೇ ಕೆಲವು ವರ್ಷಗಳಾಗಿದ್ದವು. ಆ ನೀರಿನ ಮೇಲೆ ಹಾಯಿದೋಣಿಗಳ ಶರ್ಯತ್ತು ನಡೆಸುವ ಸಂಘವೊಂದು ಹುಟ್ಟಿಕೊಂಡಿತ್ತು. ಬರುವ ಚಳಿಗಾಲದ ಶರ್ಯತ್ತಿಗೆ ಕರಾವಳಿಯ ಸಂಘದವರು ಮೊದಲ ಸಲ ತಮ್ಮ ದೋಣಿಗಳೊಡನೆ ಬರುವವರಿದ್ದರು. ಅವರೆದುರು ಬಿಡುಗಡೆಯಾಗಬೇಕಾದ ಪುಸ್ತಕದ ಭಾರವನ್ನು ಸಂಘದವರು ಮಾಸ್ತರರ ಹೆಗಲಿಗೆ ಹಾಕಿದ್ದರು. ಮಾಸ್ತರರೂ ಅದನ್ನು ಹಗುರಾಗಿ ತೆಗೆದುಕೊಂಡಿರಲಿಲ್ಲ. ಹುಬ್ಬಳ್ಳಿ, ಕಾರವಾರಗಳಿಗೆ ಹೋಗಿ ಕೇಳಿ ಬಂದಿದ್ದರು. ಇಂಗ್ಲಿಷ್ ಪುಸ್ತಕಗಳನ್ನು ತರಿಸಿ, ಅರ್ಥಕೋಶವನ್ನು ಪಕ್ಕಕ್ಕಿಟ್ಟುಕೊಂಡು ಓದಿದ್ದರು.

ಶರ್ಯತ್ತಿನ ಸಣ್ಣ ಹಾಯಿದೋಣಿಗಳಿಗಿರುವ ಡಿಂಗಿಯೆಂಬ ಹೆಸರು ಇಂಗ್ಲಿಷಿನವರದಲ್ಲ, ಅದು ಬಂಗಾಳದ ಕಡೆಯ ಹೊಳೆಗಳಲ್ಲಿ ಓಡಾಡುತ್ತಿದ್ದ ಪುಟ್ಟ ದೋಣಿಯ ಹೆಸರು, ಹಡಗಿನವರು ಅದನ್ನು ತಮ್ಮ ಊರಿಗೆ ಒಯ್ದರು ಎಂಬುದನ್ನು ಓದಿದ ದಿನ ಮಾಸ್ತರರಿಗೆ ಊಟ ರುಚಿಸಿತ್ತು. ಮೊದಲ ಅಧ್ಯಾಯವನ್ನು ಅಲ್ಲಿಂದಲೇ ಆರಂಭಿಸಿದರು. ದೊಡ್ಡ ಹಡಗಿನ ಬೆನ್ನಿಗೆ ಕಟ್ಟಿಸಿಕೊಂಡು, ಹಡಗಿಗೂ ದಂಡೆಗೂ ಮಂದಿಯನ್ನು ಮುಟ್ಟಿಸುತ್ತಿದ್ದ ಬಡ ದೋಣಿ ಅದು. ಬಿಡುವಾದಾಗ ಅದಕ್ಕೊಂದು ಹಾಯಿ ಕಟ್ಟಿ ಯಾರು ಮುಂದೆ ಹೋಗುತ್ತಾರೆಂದು ಪಂದ್ಯ ಕಟ್ಟಿದರು. ಬರಬರುತ್ತ ಆ ಆಟವೇ ದೊಡ್ಡದಾಯಿತು. ಗೆಲ್ಲುವುದು ಕೈ, ಕಟ್ಟಿಗೆಯಲ್ಲ ಎಂಬುದು ತಿಳಿಯಲೆಂದು ಎಲ್ಲ ದೋಣಿಗಳನ್ನೂ ಒಂದೇ ಅಳತೆಗೆ ಕಟ್ಟುವ ಪದ್ಧತಿ ಬಂತು. ತೆಳ್ಳಗಿನ ಹಲಗೆಗಳನ್ನು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಅಂಚು ಕೂಡಿಸಿ, ತಾಮ್ರದ ಮೊಳೆ ಬಡಿದು ಕಟ್ಟಿದ ಆ ದೋಣಿಗಳ ಕಾಲ ಅರ್ಧ ಶತಮಾನಕ್ಕೂ ಹೆಚ್ಚು ನಡೆಯಿತು. ಆಮೇಲೆ ಫೈಬರ್ ಬಂತು. ಅಚ್ಚಿನಲ್ಲಿ ಇಡ್ಲಿ ತೆಗೆದಂತೆ ದೋಣಿಗಳನ್ನು ತೆಗೆಯತೊಡಗಿದರು. ಕಟ್ಟಿಗೆಯವು ದಂಡೆಯ ಮೇಲೆ ಬೋರಲು ಬಿದ್ದವು.

ಹಾಗೆ ಬೋರಲು ಬಿದ್ದಿದ್ದ ಮೂರು ದೋಣಿಗಳನ್ನು ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಕರಾವಳಿಯ ಇಂಜಿನಿಯರರೊಬ್ಬರು ಲಾರಿಯಲ್ಲಿ ಹೇರಿಸಿ ತಂದರು. ಕೆರೂರ ಸಂತೆಯಲ್ಲಿ ಲಾರಿ ನಿಂತಾಗ ಮಂದಿ ಸುತ್ತುವರಿದು ಇವು ಯಾವ ದೇವರ ಪಲ್ಲಕ್ಕಿಗಳೆಂದು ಕೇಳಿದರಂತೆ. ಬಾದಾಮಿಯ ಹೊಂಡದಲ್ಲಿ ಇಳಿಸಿ ನೋಡಿದರೆ ಮೂರೂ ಜರಡಿಯಂತೆ ಸೋರಿದವು. ಬಂಡಿ ಕಟ್ಟುವುದರಲ್ಲಿ ಹೆಸರಾದ ಹುನಗುಂದದ ಗಾಳೆಪ್ಪ ಬಡಿಗೇರ ಅವನ್ನು ಒಂದು ವಾರ ನೀರಲ್ಲೇ ಮುಳುಗಿಸಿಟ್ಟ. ಒಣಗಿ ಸಡಿಲಾದ ಬಂಡಿಯ ಗಾಲಿಯನ್ನು ಬಾವಿಯ ಬದಿಗೆ ನೆನೆಯಿಡುವುದು ಅವನಿಗೆ ಹೊಸದೇನೂ ಅಲ್ಲ. ಹಲಗೆ ಉಬ್ಬಿ ಬಿರುಕು ತಾನಾಗಿ ಮುಚ್ಚಿಕೊಂಡಿತು. ಕೆಟ್ಟಿದ್ದ ಹಲಗೆ ಕಿತ್ತು ಹೊಸದನ್ನು ಕೂಡಿಸಿದ. ಚುಕ್ಕಾಣಿಗಳನ್ನಂತೂ ಹೊಸದಾಗಿಯೇ ಮಾಡಿದ. ಹಾಯಿಗಳನ್ನು ಇಳಕಲ್ಲಿನ ಇಂದ್ರವ್ವನ ಮಗ್ಗದಲ್ಲಿ ನೇಯಿಸಿದರು. ದಡಿಯಿಲ್ಲದ ಬಿಳಿ ಅರಿವೆಯನ್ನು ಮಗ್ಗದಿಂದ ಇಳಿಸಲು ಆಕೆ ಸುತಾರಾಂ ಒಪ್ಪಲಿಲ್ಲ. ಆದ್ದರಿಂದ ಮೂರು ಹಾಯಿಗಳಿಗೂ ಬೆರಳಗಲದ ಕೆಂಪು ದಡಿ ಬಂತು. "ದಡಿಯುಟ್ಟ ಹಾಯಿಯನ್ನು ಈ ಭೂಮಂಡಲದಲ್ಲಿ ಬೇರೆಲ್ಲಿಯೂ ಕಾಣಲಾಗದು" ಎಂದು ಮಾಸ್ತರರು ಬರೆದರು. ಭೂಮಂಡಲವನ್ನು ಅವರು ನೋಡಿರಲಿಲ್ಲ, ಆದರೂ ಆ ವಾಕ್ಯವನ್ನು ಹೊಡೆದುಹಾಕಲು ಮನಸ್ಸು ಬರಲಿಲ್ಲ.

ಹೀಗೆ ಎದೆಯುಬ್ಬಿಸಿ ನಡೆದು ಬಂದ ಚರಿತ್ರೆ 1984ರ ಶರ್ಯತ್ತಿನ ಹತ್ತಿರ ಬಂದಾಗ ಮಾತ್ರ ಕಾಲೆಳೆಯತೊಡಗಿತು.

ಆ ವರ್ಷದ ಶರ್ಯತ್ತು ಊರವರಿಗೂ ಅಣೆಕಟ್ಟಿನ ಕಾಲನಿಯ ಇಂಜಿನಿಯರರಿಗೂ ನಡುವೆ ನಡೆದಿತ್ತು. ಒಬ್ಬೊಬ್ಬರೇ ನಡೆಸುವ ದೋಣಿಗಳು. ಎರಡು ಇಂಜಿನಿಯರರ ಕೈಯಲ್ಲಿ, ಒಂದು ಯಮನಪ್ಪ ಅಂಬಿಗೇರನ ಕೈಯಲ್ಲಿ. ಯಮನಪ್ಪ ತಲೆತಲಾಂತರದಿಂದ ಹರಿಗೋಲು ಹಾಕುವ ಮನೆತನದವನು. ಹಾಯಿ ಹಿಡಿದು ಒಂದು ಬೇಸಗೆ ಕಳೆಯುವುದರೊಳಗೆ, ನೀರಿನ ಮೈಮೇಲೆ ಏಳುವ ಸಣ್ಣ ಕಪ್ಪು ನಿರಿಗೆಗಳನ್ನು ನೋಡಿಯೇ ಗಾಳಿ ಎಲ್ಲಿಂದ ಬರುತ್ತಿದೆಯೆಂದು ಹೇಳಬಲ್ಲವನಾಗಿದ್ದ. ಎದುರುಗಾಳಿಯಲ್ಲಿ ಹಾಯಿದೋಣಿ ನೆಟ್ಟಗೆ ಹೋಗಲಾರದು. ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹಾಯ್ದು ಹಾಯ್ದು ಮೇಲೇರಬೇಕು. ಅದರಲ್ಲಿ ಯಮನಪ್ಪ ಇಬ್ಬರನ್ನೂ ಬಹು ದೂರ ಹಿಂದೆ ಹಾಕಿದ್ದ. ಗೆಲುವಿನ ಬಾವುಟ ಎದುರಿಗೇ ಕಾಣುತ್ತಿತ್ತು. ದಂಡೆಯ ಮೇಲೆ ಹಲಿಗೆ ಬಾರಿಸುವವರು ಹಲಿಗೆ ಕಾಸಿಕೊಂಡು ಸಿದ್ಧರಾಗಿದ್ದರು.

ಆಗ ಆಚೆಯ ದಂಡೆಯಿಂದ ಬೋರವ್ವ ಎಂಬ ಮುದುಕಿ ಕೂಗಿದಳು. ಮಗಳ ಮನೆಗೆ ಹೊರಟಿದ್ದ ಆಕೆಗೆ ಶರ್ಯತ್ತು ಗೊತ್ತಿಲ್ಲ, ಗಿರ್ಯತ್ತು ಗೊತ್ತಿಲ್ಲ. ಆಡೊಂದನ್ನು ಹಗ್ಗದಲ್ಲಿ ಹಿಡಿದುಕೊಂಡು, ಎಂದಿನಂತೆ ಬಾಯಿಗೆ ಕೈಯಡ್ಡ ಇಟ್ಟು, "ಏ ದೋಣಿಯವನs, ಈ ಕಡೆ ತಾರೋ ಯಪ್ಪಾ" ಎಂದಳು.

ಯಮನಪ್ಪನ ದೋಣಿ ತಿರುಗಿತು. ಇದೂ ಎದುರುಗಾಳಿಯ ಒಂದು ವರಸೆಯೆಂದು ತಿಳಿದು ಮಂದಿ ಚಪ್ಪಾಳೆ ತಟ್ಟಿದರು. ದೋಣಿ ಆಚೆಯ ದಂಡೆಗೆ ಮುಟ್ಟಿತು. ಮುದುಕಿ ಹತ್ತಿದಳು, ಆಡೂ ಹತ್ತಿತು. "ಈ ಅರಿವಿ ತಗೀಯೋ, ತಲಿಗೆ ಬಡೀತೈತಿ" ಎಂದು ಆಕೆ ಬೈಯುತ್ತಿದ್ದುದು ನೀರಿನ ಮೇಲಿಂದ ಎಲ್ಲರಿಗೂ ಕೇಳಿಸಿತು. ಆಕೆಯನ್ನು ಈಚೆ ದಂಡೆಗಿಳಿಸಿ ಯಮನಪ್ಪ ಬಾವುಟ ದಾಟುವ ಹೊತ್ತಿಗೆ ಇಂಜಿನಿಯರರಿಬ್ಬರೂ ಬಟ್ಟೆ ಬದಲಿಸಿಕೊಂಡು ಚಹ ಕುಡಿಯುತ್ತಿದ್ದರು. ಅಂದಿನಿಂದ ಆ ಶರ್ಯತ್ತಿಗೆ ಆಡಿನ ಶರ್ಯತ್ತೆಂದೇ ಹೆಸರಾಯಿತು. ಯಮನಪ್ಪ ಸಂತೆಗೆ ಬಂದರೆ ಹಿಂದಿನಿಂದ ಯಾರಾದರೊಬ್ಬರು ಆಡಿನಂತೆ ಕೂಗುತ್ತಿದ್ದರು.

ಸಂಘದ ಅಧ್ಯಕ್ಷರಾದ ಈರಪ್ಪನವರು ಅರಳೆಯ ವ್ಯಾಪಾರಿಗಳು. ದೋಣಿಗಳೆಂದರೆ ಅವರಿಗೆ ಪಂಚಪ್ರಾಣ. ಹಸ್ತಪ್ರತಿ ಎಲ್ಲಿಗೆ ಬಂತೆಂದು ಕೇಳಲು ಒಂದು ಮುಂಜಾನೆ ಮಾಸ್ತರರ ಮನೆಗೆ ಬಂದವರು ಕುಳಿತ ಕೂಡಲೇ ವಿಷಯಕ್ಕೆ ಕೈಹಾಕಿದರು.

"ಆ ಆಡಿನ ಪುರಾಣ ಬ್ಯಾಡ್ರಿ ಮಾಸ್ತರ. ಕರಾವಳಿ ಮಂದಿ ಓದಿ ಹೊಟ್ಟಿ ಹಿಡಕೊಂಡು ನಗತಾರ."

"ಮುಂದಿದ್ದಂವ ಹಿಂದ ಯಾಕ ಉಳದಾ ಅಂತ ಓದವ್ರು ಕೇಳೂದಿಲ್ಲೇನ್ರಿ?"

"ಏನರ ಮುರೀತು ಅಂತ ಬರೀರಿ. ಚುಕ್ಕಾಣಿ ಮುರೀತು. ಮುಗೀತಲ್ಲ? ಯಮನಪ್ಪನ ಮಾನಾನೂ ಉಳೀತೈತಿ, ನಮ್ಮದೂ ಉಳೀತೈತಿ."

ಸಂತೆಯಲ್ಲಿ ಕೇಳಿದ ಆಡಿನ ಕೂಗು ಮಾಸ್ತರರ ಕಿವಿಯಲ್ಲಿತ್ತು. ಒಬ್ಬ ಮರ್ಯಾದಸ್ಥನನ್ನು ನಗೆಯಿಂದ ಬಿಡಿಸುವುದಾದರೆ ಒಂದು ಚುಕ್ಕಾಣಿ ಮುರಿದರೆ ಏನು ಕೆಟ್ಟಿತು ಎಂದು ತೋರಿತು. ಈರಪ್ಪನವರು ಹೋದ ಮೇಲೆ ಕುಳಿತು ಬರೆದರು: "ಜಯಲಕ್ಷ್ಮಿಯು ಮಾಲೆಯನ್ನೆತ್ತಿ ನಿಂತ ಆ ಗಳಿಗೆಯಲ್ಲಿಯೇ ವಿಧಿಯು ಚುಕ್ಕಾಣಿಯನ್ನು ಮುರಿದು ಆಕೆಯ ಕೈಯನ್ನು ಹಿಡಿದು ನಿಲ್ಲಿಸಿತು." ಓದಿಕೊಂಡರು. ಇಡೀ ಪುಸ್ತಕದಲ್ಲಿ ಅಷ್ಟು ಚೆಲುವಾದ ವಾಕ್ಯ ಮತ್ತೊಂದಿರಲಿಲ್ಲ. ಆ ಪುಟಗಳನ್ನು ಮರುದಿನವೇ ಇಳಕಲ್ಲಿನ ಅಚ್ಚುಕೂಟಕ್ಕೆ ಕಳಿಸಿಕೊಟ್ಟರು.

ಆದರೆ ಮಾಸ್ತರರಲ್ಲಿ ಒಂದು ಹಟವಿತ್ತು. ಬದುಕಿರುವವರ ಬಗ್ಗೆ ಏನು ಬರೆದರೂ ಅದು ಪುಸ್ತಕವಾಗುವ ಮೊದಲು ಅವರೆದುರು ಓದಬೇಕು. ಶಾಲೆಯಲ್ಲಿ ಹುಡುಗರ ಬಗ್ಗೆ ಅಭಿಪ್ರಾಯ ಬರೆಯುವಾಗಲೂ ಹಾಗೆಯೇ ಮಾಡುತ್ತಿದ್ದರು. ಅದರಂತೆ ಒಂದು ಸಂಜೆ ಗಾಳೆಪ್ಪನ ಕೊಟ್ಟಿಗೆಗೆ ಹೋದರು. ಯಮನಪ್ಪನನ್ನೂ ಅಲ್ಲಿಗೇ ಕರೆಸಿದ್ದರು. ಮೂರು ದೋಣಿಗಳಲ್ಲೊಂದು ಮಗುಚಿ ಬಿದ್ದಿತ್ತು. ಗಾಳೆಪ್ಪ ಅದರ ಅಡಿಗೆ ಎಣ್ಣೆ ಸವರುತ್ತಿದ್ದ. ಮಾಸ್ತರರು ಬಂಡಿಯ ಮೂಕಿಯ ಮೇಲೆ ಕುಳಿತು, ಗಂಟಲು ಸರಿಪಡಿಸಿಕೊಂಡು ಓದತೊಡಗಿದರು. ಬಂಗಾಳದ ಹೊಳೆಗಳು ಬಂದವು, ತಾಮ್ರದ ಮೊಳೆಗಳು ಬಂದವು. ಗಾಲಿ ನೆನೆಯಿಟ್ಟ ವಿಷಯ ಬಂದಾಗ ಗಾಳೆಪ್ಪ ಎಣ್ಣೆಯ ಅರಿವೆಯನ್ನು ಕೆಳಗಿಟ್ಟು ಮೀಸೆ ಮುಟ್ಟಿಕೊಂಡ.

"ಇನ್ನೊಮ್ಮೆ ಓದ್ರಿ ಅದನ್ನ."

ಮಾಸ್ತರರು ಇನ್ನೊಮ್ಮೆ ಓದಿದರು. ಆಮೇಲೆ ಜಯಲಕ್ಷ್ಮಿ ಬಂದಳು, ವಿಧಿ ಬಂತು, ಚುಕ್ಕಾಣಿ ಮುರಿಯಿತು.

"ನಿಲ್ರಿ ನಿಲ್ರಿ," ಎಂದು ಗಾಳೆಪ್ಪ ಎದ್ದೇಬಿಟ್ಟ. "ಯಾರ ಚುಕ್ಕಾಣಿ ಮುರೀತ್ರಿ?"

"ಅದು ಹಂಗ, ಗಾಳೆಪ್ಪಾ, ಒಂದು..."

"ಹಂಗ ಇಲ್ಲ ಹಿಂಗ ಇಲ್ಲ. ಕರಿಜಾಲಿ ಕಟಗಿದು ನಾ ಮಾಡಿದ್ದು. ಈಗೂ ಅಲ್ಲೇ ಮೂಲ್ಯಾಗ ನಿಂತೈತಿ. ನಿಮ್ಮ ವಿಧೀನ ಕರೀರಿ, ನನ್ನ ಮುಂದ ಮುರದು ತೋರಸ್ಲಿ!"

ಮಾಸ್ತರರಿಗೆ ನಗೆಯೂ ಬಂತು, ನಾಚಿಕೆಯೂ ಆಯಿತು. ಯಮನಪ್ಪನ ಕಡೆ ತಿರುಗಿದರು. ಅವನು ನಕ್ಕಿರಲಿಲ್ಲ. ನೆಲ ನೋಡುತ್ತ ಕುಳಿತಿದ್ದ.

"ನಿನ್ನ ಸಲುವಾಗೇ ಬರದೆ ಯಮನಪ್ಪಾ. ಮಂದಿ ನಗೂದು ನಿಲ್ಲಲಿ ಅಂತ."

"ಮಂದಿ ನಗ್ಲಿ ಬಿಡ್ರಿ ಅಜ್ಜಾರ. ಆಡು ನನ್ನ ದೋಣ್ಯಾಗ ಹಿಕ್ಕಿ ಹಾಕಿದ್ದಕ್ಕ ನಾನೂ ನಕ್ಕೇನಿ," ಎಂದ ಯಮನಪ್ಪ. ನೆಲದಿಂದ ಕಣ್ಣೆತ್ತಿ ಮುಂದುವರಿಸಿದ: "ನಮ್ಮ ಮನೆತನದಾಗ ಮೊದಲನೇ ಸಲ ಹುಟ್ಟು ಕೈಯಾಗ ಕೊಡೂ ಮುಂದ ಹಿರಿಯರು ಒಂದ ಮಾತು ತಗೋತಾರ. ದಂಡ್ಯಾಗ ನಿಂತು ಕರದವರನ್ನ ಬಿಟ್ಟು ಹೋಗೂದಿಲ್ಲ ಅಂತ. ಯಾರರ ಇರ್ಲಿ, ಯಾವಾಗರ ಇರ್ಲಿ. ಬಿಟ್ಟು ಹೋದಂವ ಮತ್ತ ಹುಟ್ಟು ಮುಟ್ಟೂಹಂಗಿಲ್ಲ. ನಮ್ಮಪ್ಪ ನನ್ನ ಕಡೆ ತಗೊಂಡಾನ. ಈ ಸಲ ಹೊಸಾ ನೀರು ಇಳದ ಮ್ಯಾಲ ನಮ್ಮ ಓಣಿ ಹುಡುಗರ ಕಡೆ ತಗೊಳಾಂವ ನಾ. ಹಿರಿಯಾ ಅಂತ ಈಗ ಉಳದಾಂವ ನಾ ಒಬ್ಬನs."

"ಅದಕ್ಕೂ ಇದಕ್ಕೂ..."

"ಅಲ್ರೀ, ಚುಕ್ಕಾಣಿ ಮುರದಿತ್ತು ಅಂದ್ರ ನಾ ತಿರಗಲಿಲ್ಲಂತಾತಲ್ಲ? ದೋಣಿ ತಾನs ತಿರಗಿತಂತಾತು. ನಾ ಇಷ್ಟು ವರ್ಷ ಸುಳ್ಳ ಹೇಳಿಕೊಂತ ಅಡ್ಡಾಡಿದೆ ಅಂತಾತು. ಗೆಲ್ಲೂದನ್ನ ಬಿಟ್ಟುಕೊಟ್ಟು ಉಳಿಸಿಕೊಂಡಿದ್ದು ನನ್ನ ಹಂತ್ಯಾಕ ಆ ಮಾತೊಂದs ಐತಿ. ಅದನ್ನೂ ನೀವು ಪುಸ್ತಕದಾಗ ಮುರದ ಹಾಕಿದ್ರ, ನಾಳೆ ಹುಡುಗರ ಕೈಯಾಗ ಹುಟ್ಟು ಏನಂತ ಕೊಡ್ಲಿ?"

ಮಾಸ್ತರರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಅದು ಸ್ವಚ್ಛವಾಗಿಯೇ ಇತ್ತು. ವಾಕ್ಯರಚನೆಯನ್ನು ಅವರು ಎಷ್ಟೋ ತಲೆಮಾರುಗಳಿಗೆ ಕಲಿಸಿದ್ದರು. ಒಂದು ಒಳ್ಳೆಯ ವಾಕ್ಯ ಒಬ್ಬ ಮನುಷ್ಯನ ಇಡೀ ಬಾಳಿನ ಮರ್ಯಾದೆಯನ್ನು ಹೀಗೆ ಮೆಲ್ಲಗೆ ಎತ್ತಿಕೊಂಡು ಹೋಗಬಲ್ಲದೆಂದು ಅವರಿಗೆ ಹೊಳೆದಿರಲಿಲ್ಲ.

"ಏಳ್ರಿ ಇಬ್ಬರೂ. ಈರಪ್ಪನವರ ಅಂಗಡಿಗೆ ಹೋಗೂಣು," ಎಂದರು.

ಈರಪ್ಪನವರು ಅರಳೆಯ ಗಂಟುಗಳ ನಡುವೆ ಗಾದಿಯ ಮೇಲೆ ಕುಳಿತಿದ್ದರು. ಮಾಸ್ತರರು ಬಂದ ಕೆಲಸವನ್ನು ನಿಂತುಕೊಂಡೇ ಹೇಳಿದರು: ಆ ವಾಕ್ಯ ತೆಗೆಯಬೇಕು, ನಡೆದದ್ದು ನಡೆದಂತೆ ಬರಬೇಕು. ಇಲ್ಲದಿದ್ದರೆ ಪುಸ್ತಕದ ಮೇಲೆ ತಮ್ಮ ಹೆಸರು ಬೇಡ.

ಈರಪ್ಪನವರ ಮುಖ ಕೆಂಪಾಯಿತು. "ಪುಸ್ತಕದ ಮಾತು ಆಮ್ಯಾಲ. ನಾ ಯಮನಪ್ಪನ್ನ ಒಂದ ಮಾತು ಕೇಳ್ತೇನಿ. ಕರಾವಳಿಯವರ ಮುಂದ ದೋಣಿ ನಡಸೂದು ನಿನ್ನ ಕೈಗೆ ಕೊಟ್ಟೇವಿ. ಹೌದಲ್ಲೋ?"

"ಹೌದ್ರಿ ಸಾವ್ಕಾರ್ರ."

"ಈ ಸಲಾನೂ ಯಾರರ ಆಚೆ ದಂಡಿಗೆ ನಿಂತು ಕರದ್ರು ಅಂತ ತಿಳಿ. ಬಾವುಟ ಎದುರಿಗೇ ಐತಿ. ಏನ ಮಾಡ್ತಿ?"

ಹಮಾಲರು ಗಂಟು ಹೊರುವುದನ್ನು ಬಿಟ್ಟು ನಿಂತರು. ಇಲ್ಲವೆಂದರೆ ದೋಣಿ ಉಳಿಯುತ್ತದೆ, ಹೌದೆಂದರೆ ಹೋಗುತ್ತದೆ ಎಂಬುದು ಅಲ್ಲಿದ್ದವರಿಗೆಲ್ಲ ತಿಳಿದಿತ್ತು. ಯಮನಪ್ಪನಿಗೆ ಹಾಯಿಯ ಮೇಲಿದ್ದ ಆಸೆಯನ್ನು ಮಾಸ್ತರರು ಬಲ್ಲರು. ಗಾಳಿ ಎದ್ದಿತೆಂದರೆ ಅವನು ಊಟದ ನಡುವೆಯೂ ಹೊರಗೆ ಬಂದು ನಿಲ್ಲುವವನು.

"ತಿರಗತೇನ್ರಿ," ಎಂದ ಯಮನಪ್ಪ.

"ಕೇಳಿದ್ರೇನ ಮಾಸ್ತರ? ಇಂಥಾವನ್ನ ಕಟಗೊಂಡು ನಾ ಶರ್ಯತ್ತು ಹೆಂಗ ಗೆಲ್ಲಲಿ?"

ಮಾಸ್ತರರಿಗೆ ಅಲ್ಲಿಯವರೆಗೆ ತಮ್ಮ ತಲೆಗೆ ಬಾರದಿದ್ದ ಪ್ರಶ್ನೆಯೊಂದು ಆಗ ಎದ್ದು ನಿಂತಿತು. ತರಗತಿಯಲ್ಲಿ ಕೇಳುವಂತೆಯೇ ಕೇಳಿದರು: "ಯಮನಪ್ಪಾ, ಅವತ್ತ ಬೋರವ್ವನ್ನ ದಾಟಸಾಕ ದಂಡ್ಯಾಗ ಬ್ಯಾರೆ ಹರಿಗೋಲು ಇರಲಿಲ್ಲೇನು?"

"ಎಲ್ಲೀವ್ರಿ?" ಎಂದು ಯಮನಪ್ಪ ಅಚ್ಚರಿಯಿಂದ ನೋಡಿದ. "ದೋಣಿ ಎಲ್ಲಿ ತಿರಗಬೇಕನ್ನೂ ಗುರ್ತಿಗೆ ಅಂತ ಇದ್ದಬದ್ದ ಹರಿಗೋಲೆಲ್ಲಾ ನಡುಹೊಳ್ಯಾಗ ಒಯ್ದು, ಕಲ್ಲು ಕಟ್ಟಿ, ಬಾವುಟ ಹಚ್ಚಿ ನಿಲ್ಲಿಸಿದ್ರಲ್ಲ. ಅಂಬಿಗರನ್ನೆಲ್ಲಾ ಅದರಾಗs ಕುಂದ್ರಿಸಿದ್ರಿ, ಎದ್ದೀರಿ ಜ್ವಾಕಿ ಅಂತ. ಹೊಳೀಗೆ ಕರದ್ರ ಬರೂವಂಥಾ ಅಂಬಿಗ ಉಳದಾಂವ ನಾ ಒಬ್ಬನs. ಬ್ಯಾರೆ ಯಾರರ ದಂಡ್ಯಾಗ ಇದ್ದಿದ್ರ ಆ ಕೂಗು ಅವರದಾಗ್ತಿತ್ತು, ನಂದಲ್ಲ. ನಾ ಯಾಕ ತಿರಗಲಿ? ನನಗೇನು ಗೆಲ್ಲೂದು ಬ್ಯಾಡಾಗಿತ್ತೇನ್ರಿ?"

"ಹರಿಗೋಲು ನಿಲ್ಲಸ್ರಿ ಅಂತ ಹೇಳಿದಾಂವ ಯಾಂವ?" ಎಂದು ಈರಪ್ಪನವರು ಗದರಿದರು.

ಗಾಳೆಪ್ಪ ಅಟ್ಟದ ತೊಲೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಹಮಾಲರಲ್ಲೊಬ್ಬ ಕೆಮ್ಮಿದ.

"ನಾನs ಏನು?" ಎಂದರು ಈರಪ್ಪನವರು, ದನಿ ತಗ್ಗಿಸಿ.

"ಬಿಳಿ ಟೊಪಗಿ ಹಾಕ್ಕೊಂಡು ದಂಡಿಮ್ಯಾಲ ನಿಂತು ಒದರತಿದ್ರಿ," ಎಂದ ಗಾಳೆಪ್ಪ, ತೊಲೆಯಿಂದ ಕಣ್ಣು ತೆಗೆಯದೆ. "ಒಂದೂ ಬಿಡಬ್ಯಾಡ್ರಲೇ ಅಂತ."

ಹಮಾಲರು ಮೊದಲು ನಕ್ಕರು. ಈರಪ್ಪನವರು ಕಣ್ಣು ಕೆಕ್ಕರಿಸಿ ಅವರನ್ನು ನೋಡಿದರು, ಗಾಳೆಪ್ಪನನ್ನು ನೋಡಿದರು, ಕೊನೆಗೆ ತಾವೂ ತಡೆಯಲಾರದೆ ಗಾದಿಯ ಮೇಲೆ ಉರುಳುವಂತೆ ನಕ್ಕರು. ನಗೆ ನಿಂತ ಮೇಲೆ ಯಮನಪ್ಪನನ್ನು ಕೈಹಿಡಿದು ಎಳೆದು ತಮ್ಮ ಪಕ್ಕಕ್ಕೇ ಕೂಡಿಸಿಕೊಂಡರು.

"ಈ ಸಲ ಗುರ್ತಿಗೆ ಡಾಂಬರಿನ ಡ್ರಮ್ಮು ತರಸ್ತೇನಿ. ಎರಡೂ ದಂಡಿಗೆ ಒಂದೊಂದು ಹರಿಗೋಲು, ಒಬ್ಬೊಬ್ಬ ಅಂಬಿಗ, ಬೆಳಗಿನಿಂದ ಸಂಜೀಮಟ. ಕರದವರು ಯಾರೂ ನಿಲ್ಲಬಾರದು. ಆತಿಲ್ಲೋ?"

"ಆತ್ರಿ. ಆದ್ರ ಅವರಿಬ್ರೂ ನಿದ್ದಿ ಹೋದ್ರು ಅಂದ್ರ..."

"ತಿರಗತಿ. ಗೊತ್ತಾತು ಮಾರಾಯಾ!" ಎಂದು ಅಧ್ಯಕ್ಷರು ಹಣೆ ಚಚ್ಚಿಕೊಂಡರು. ಆಮೇಲೆ ಮಾಸ್ತರರ ಕಡೆ ನೋಡಿ, ಸ್ವಲ್ಪ ಗಂಭೀರರಾಗಿ ಹೇಳಿದರು: "ಬರೀರಿ ಮಾಸ್ತರ, ಇದ್ದದ್ದು ಇದ್ದಂಗ ಬರೀರಿ. ಹರಿಗೋಲೆಲ್ಲಾ ಕಟ್ಟಿ ನಿಲ್ಲಿಸಿದಾಂವ ಈರಪ್ಪ ಅಂತನೂ ಹಾಕ್ರಿ. ನಮ್ಮ ಹೊಳಿ ಅಂಬಿಗ ಎಂಥಾವ ಅಂತ ಅವರಿಗೂ ತಿಳೀಲಿ. ಓದಿ ನಕ್ಕರ ನಗ್ಲಿ, ನೀರಿನ ಮ್ಯಾಲ ನೋಡ್ಕೊಳ್ಳೂಣು."

ಮರುದಿನ ಮೊದಲ ಬಸ್ಸಿಗೇ ಮಾಸ್ತರರು ಇಳಕಲ್ಲಿಗೆ ಹೋದರು. ಅಚ್ಚುಕೂಟದ ಇಬ್ರಾಹಿಂಸಾಬ ಆ ಪುಟದ ಅಚ್ಚಿನ ಮೊಳೆಗಳನ್ನು ಜೋಡಿಸಿ ಮುಗಿಸಿದ್ದ.

"ಏನ ವಾಕ್ಯ ಬರದೀರಿ ಮಾಸ್ತರ! ಜೋಡಸೂಮುಂದ ಎರಡ ಸಲ ಓದಿದೆ," ಎಂದ.

"ಅದನ್ನ ಬಿಚ್ಚಬೇಕಾಗೇತಿ ಇಬ್ರಾಹಿಂಸಾಬ."

ಇಬ್ರಾಹಿಂಸಾಬ ನಂಬಲಾರದೆ ಅವರ ಮುಖ ನೋಡಿದ. ಮಾಸ್ತರರು ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಚಿಮಟದ ತುದಿಯಿಂದ ಜಯಲಕ್ಷ್ಮಿ ಅಕ್ಷರ ಅಕ್ಷರವಾಗಿ ಬಿಚ್ಚಿಕೊಂಡು ಮೊಳೆಪೆಟ್ಟಿಗೆಯ ತಂತಮ್ಮ ಮನೆಗಳಿಗೆ ಹೋಗಿ ಬೀಳುವುದನ್ನು ನೋಡಿದರು. ಒಳ್ಳೆಯ ವಾಕ್ಯವೇ, ಮನಸ್ಸಿಗೆ ತುಸು ಕಸಿವಿಸಿಯಾಗದೆ ಇರಲಿಲ್ಲ. ಜಾಗ ಖಾಲಿಯಾದ ಮೇಲೆ ಕಿಸೆಯಿಂದ ಚೀಟಿ ತೆಗೆದು ಓದಿ ಹೇಳಿದರು:

"ಎಲ್ಲರಿಗಿಂತ ಮುಂದಿದ್ದ ಯಮನಪ್ಪ ಅಂಬಿಗೇರನು, ದಂಡೆಯಲ್ಲಿ ನಿಂತ ಒಬ್ಬ ಮುದುಕಿ ಕರೆದುದರಿಂದ, ದೋಣಿಯನ್ನು ತಿರುಗಿಸಿದನು."

ಇಬ್ರಾಹಿಂಸಾಬ ಮುಂದಿನದಕ್ಕೆ ಕಾಯ್ದ. ಮುಂದೇನೂ ಬರಲಿಲ್ಲ.

"ಇಷ್ಟs ಏನ್ರಿ?"

"ಇಷ್ಟs."

"ಮತ್ತ ಗೆದ್ದವರ ಹೆಸರು?"

"ಅದು ಕೆಳಗಿನ ಸಾಲಿನ್ಯಾಗ ಬರತೈತಿ," ಎಂದರು ಮಾಸ್ತರರು, ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತ. "ಮೊದಲ ಇದನ್ನ ಜೋಡಸ್ರಿ. ದಪ್ಪ ಅಕ್ಷರ ಇದ್ರ ದಪ್ಪ ಅಕ್ಷರದಾಗs ಜೋಡಸ್ರಿ."